ಉಸಿರಾಟದ ಯಂತ್ರವೂ ಹೃದಯವೂ: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಹೃದಯ ಮತ್ತು ಶ್ವಾಸಕೋಶಗಳು ಒಂದೇ ಎದೆಗೂಡಿನೊಳಗೆ ಅಕ್ಕಪಕ್ಕದಲ್ಲಿರುವ ಅಂಗಗಳು. ಒಂದೇ ಅಂಗಳದ ಎರಡು ಮನೆಗಳಂತೆ, ಒಂದರಲ್ಲಿ ನಡೆದುದು ಮತ್ತೊಂದಕ್ಕೆ ತಟ್ಟದೆ ಇರುವುದಿಲ್ಲ. ಆರೋಗ್ಯವಾಗಿರುವಾಗ ಈ ನಂಟು ನಮ್ಮ ಗಮನಕ್ಕೆ ಬರುವುದಿಲ್ಲ. ರೋಗಿಯು ತಾನಾಗಿ ಉಸಿರಾಡಲಾರದ ಸ್ಥಿತಿಗೆ ತಲುಪಿ, ವೈದ್ಯರು ಆತನ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಿದಾಗ ಮಾತ್ರ ಅದು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.

ಹೆರಿಗೆಯ ನಂತರದ ಅಧಿಕ ರಕ್ತಸ್ರಾವ, ಗರ್ಭಿಣಿಗೆ ರಕ್ತದೊತ್ತಡ ಏರಿ ಬರುವ ಸೆಳವು, ಹಾವಿನ ಕಡಿತ, ಕೀಟನಾಶಕದ ವಿಷ, ಕಠಿಣವಾದ ನ್ಯುಮೋನಿಯಾ ಮುಂತಾದ ಕಾರಣಗಳಿಂದ ಗ್ರಾಮಾಂತರ ಪ್ರದೇಶದ ರೋಗಿಗಳೂ ಜಿಲ್ಲಾ ಆಸ್ಪತ್ರೆಯ ತೀವ್ರ ನಿಗಾ ಘಟಕವನ್ನು ಸೇರಬೇಕಾಗುತ್ತದೆ. 2020 ಮತ್ತು 2021ರ ಕೊರೋನಾ ಪಿಡುಗಿನ ಕಾಲದಲ್ಲಿ ‘ವೆಂಟಿಲೇಟರ್’ ಎಂಬ ಹೆಸರು ಹಳ್ಳಿಹಳ್ಳಿಗಳಿಗೂ ತಲುಪಿತು. ಅದರೊಡನೆ ಭಯವೂ ತಲುಪಿತು. “ಯಂತ್ರ ಹಾಕಿದ ಮೇಲೆ ರಕ್ತದೊತ್ತಡ ಬಿದ್ದುಹೋಯಿತು”, “ಯಂತ್ರಕ್ಕೆ ಹಾಕಿದರೆಂದರೆ ಮುಗಿಯಿತು”, “ಸತ್ತವರ ಎದೆಯನ್ನೂ ಯಂತ್ರ ಬಡಿಸುತ್ತದೆ” ಎಂಬ ಮಾತುಗಳು ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳಿಬರುವುದುಂಟು.

ಇಂತಹ ಮಾತುಗಳಿಗೆ ಹೆದರಿ, ಗುಣವಾಗಬಹುದಾದ ರೋಗಿಯನ್ನು ನಡುವೆಯೇ ಮನೆಗೆ ಕರೆದೊಯ್ಯುವುದು ಪ್ರಾಣಾಪಾಯಕರ. ಯಂತ್ರವಿದೆಯಲ್ಲಾ ಎಂದು ಎಲ್ಲವನ್ನೂ ಅದರಿಂದಲೇ ನಿರೀಕ್ಷಿಸುವುದೂ ಸರಿಯಲ್ಲ. ಯಂತ್ರದ ಉಸಿರಾಟವು ಹೃದಯದ ಮೇಲೆ ಯಾವ ಪರಿಣಾಮವನ್ನು ಬೀರುತ್ತದೆ ಎಂಬುದನ್ನು ಪತಿಪತ್ನಿಯರಿಬ್ಬರೂ ಮೊದಲೇ ಅರಿತಿದ್ದರೆ, ಕಷ್ಟಕಾಲದಲ್ಲಿ ವೈದ್ಯರ ಮಾತು ಅರ್ಥವಾಗುತ್ತದೆ; ತೀರ್ಮಾನವೂ ವಿವೇಕದಿಂದ ಕೂಡಿರುತ್ತದೆ.

ಸಹಜವಾದ ಉಸಿರಾಟ

ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆಯೊಂದಿದೆ. ಅದಕ್ಕೆ ವಪೆ ಎಂದು ಹೆಸರು. ಉಸಿರೆಳೆದುಕೊಳ್ಳುವಾಗ ವಪೆಯು ಕೆಳಕ್ಕೆ ಸರಿಯುತ್ತದೆ, ಪಕ್ಕೆಲುಬುಗಳು ಮೇಲಕ್ಕೇಳುತ್ತವೆ, ಎದೆಗೂಡು ಹಿಗ್ಗುತ್ತದೆ. ಕಮ್ಮಾರನು ತಿದಿಯನ್ನು ಹಿಗ್ಗಿಸಿದಾಗ ಗಾಳಿ ತಾನಾಗಿ ಒಳಸೇರುವಂತೆ, ಹೊರಗಿನ ಗಾಳಿಯು ಶ್ವಾಸಕೋಶವನ್ನು ಸೇರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತಾರೆ. ಒಂದೊಂದು ಸಲಕ್ಕೂ ಸುಮಾರು ಅರ್ಧ ಲೀಟರು ಗಾಳಿ ಒಳಗೆ ಹೋಗುತ್ತದೆ.

ಎದೆಯು ಹೀಗೆ ಹಿಗ್ಗುವುದರಿಂದ ಮತ್ತೊಂದು ಉಪಕಾರವೂ ಆಗುತ್ತದೆ. ಆಗ ಎದೆಯೊಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೊಂಚ ಕಡಿಮೆಯಾಗುತ್ತದೆ. ಗಾಳಿಯಂತೆಯೇ ರಕ್ತವೂ ಒಳಕ್ಕೆ ಸೆಳೆಯಲ್ಪಡುತ್ತದೆ. ಕೈ, ಕಾಲು, ಹೊಟ್ಟೆ, ತಲೆಗಳಿಂದ ಮರಳುವ ರಕ್ತವು ಅಭಿಧಮನಿಗಳ ಮೂಲಕ ಹೃದಯದ ಬಲಭಾಗಕ್ಕೆ ಸುಲಭವಾಗಿ ಬಂದು ಸೇರುತ್ತದೆ. ಬಲಭಾಗವು ಆ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದ ರಕ್ತವು ಹೃದಯದ ಎಡಭಾಗಕ್ಕೆ ಬರುತ್ತದೆ. ಎಡಭಾಗವು ಅದನ್ನು ಅಪಧಮನಿಗಳ ಮೂಲಕ ಇಡೀ ಶರೀರಕ್ಕೆ ಹಂಚುತ್ತದೆ.

ಮುಷ್ಟಿಗಾತ್ರದ ಈ ಹೃದಯವು ನಿಮಿಷಕ್ಕೆ ಸುಮಾರು 70 ಸಲ ಬಡಿದು, ಸುಮಾರು 5 ಲೀಟರು ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ಆದರೆ ತನಗೆ ಬಂದು ಸೇರಿದಷ್ಟನ್ನು ಮಾತ್ರ ಅದು ತಳ್ಳಬಲ್ಲದು. ಬಾವಿಯಲ್ಲಿ ನೀರಿಲ್ಲದಿದ್ದರೆ ಪಂಪ್‌ಸೆಟ್ಟು ಎಷ್ಟು ಗಟ್ಟಿಯಾಗಿದ್ದರೂ ಗದ್ದೆಗೆ ನೀರು ಹರಿಯದಷ್ಟೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯಗಳು ಸುಲಭವಾಗಿ ತಿಳಿಯುತ್ತವೆ.

ಯಂತ್ರದ ಉಸಿರಾಟ

ಉಸಿರಾಟದ ಯಂತ್ರವು ಗಾಳಿಯನ್ನು ಸೆಳೆಯುವುದಿಲ್ಲ, ತಳ್ಳುತ್ತದೆ. ರೋಗಿಗೆ ನಿದ್ರೆ ಬರಿಸುವ ಔಷಧಿಯನ್ನು ಕೊಟ್ಟು, ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆಯೊಂದನ್ನು ಇಳಿಸಲಾಗುತ್ತದೆ. ಆ ಕೊಳವೆಯ ಮೂಲಕ ಯಂತ್ರವು ಆಮ್ಲಜನಕ ಬೆರೆತ ಗಾಳಿಯನ್ನು ಒತ್ತಡದಿಂದ ಒಳಕ್ಕೆ ನುಗ್ಗಿಸುತ್ತದೆ. ಸಹಜ ಉಸಿರಾಟದಲ್ಲಿ ಎದೆಯ ಒತ್ತಡ ಇಳಿಯುವ ಕ್ಷಣದಲ್ಲಿಯೇ, ಯಂತ್ರದ ಉಸಿರಾಟದಲ್ಲಿ ಆ ಒತ್ತಡ ಏರುತ್ತದೆ. ಉಸಿರು ಹೊರಬಂದ ಮೇಲೂ ಶ್ವಾಸಕೋಶದ ಸಣ್ಣ ಗಾಳಿಚೀಲಗಳು ಮುದುಡಿಕೊಳ್ಳದಿರಲೆಂದು ಕೊಂಚ ಒತ್ತಡವನ್ನು ಒಳಗೇ ಉಳಿಸಲಾಗುತ್ತದೆ. ಸಾಮಾನ್ಯವಾಗಿ ಇದು 5 ಸೆಂಟಿಮೀಟರು ಎತ್ತರದ ನೀರಿನ ಒತ್ತಡಕ್ಕೆ ಸಮನಾಗಿರುತ್ತದೆ. ರೋಗಕ್ಕೆ ತಕ್ಕಂತೆ ಹೆಚ್ಚಿಸುವುದೂ ಉಂಟು.

ಮೊದಲ ಯಂತ್ರಗಳು ಹೀಗಿರಲಿಲ್ಲ. 1928ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫಿಲಿಪ್ ಡ್ರಿಂಕರ್ ಅವರ ಕಬ್ಬಿಣದ ಪೆಟ್ಟಿಗೆ ಬಳಕೆಗೆ ಬಂದಿತು. ರೋಗಿಯ ತಲೆಯನ್ನು ಬಿಟ್ಟು ಉಳಿದ ಶರೀರವೆಲ್ಲ ಆ ಪೆಟ್ಟಿಗೆಯೊಳಗಿರುತ್ತಿತ್ತು. ಪೆಟ್ಟಿಗೆಯ ಗಾಳಿಯನ್ನು ಹೊರಕ್ಕೆಳೆದಾಗ ಎದೆ ತಾನಾಗಿ ಹಿಗ್ಗುತ್ತಿತ್ತು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹಬ್ಬಿದಾಗ ಇಂತಹ ಪೆಟ್ಟಿಗೆಗಳು ಸಾಲದಾದವು. ಆಗ ಅರಿವಳಿಕೆ ತಜ್ಞರಾದ ಬ್ಯೋರ್ನ್ ಇಬ್ಸೆನ್ ಅವರು ರೋಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಕೊಳವೆ ತೂರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಅದುಮಿ ಗಾಳಿ ತಳ್ಳುವ ಕ್ರಮವನ್ನು ಜಾರಿಗೆ ತಂದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲಗಳನ್ನು ಅದುಮಿದರು. ಉಸಿರಾಟ ನಿಂತ ರೋಗಿಗಳಲ್ಲಿ ನೂರಕ್ಕೆ ಎಂಬತ್ತನ್ನೂ ಮೀರಿದ್ದ ಸಾವಿನ ಪ್ರಮಾಣವು ಕೆಲವೇ ತಿಂಗಳುಗಳಲ್ಲಿ ಅರ್ಧಕ್ಕೆ ಇಳಿಯಿತು. ಇಂದಿನ ಯಂತ್ರಗಳು ಅದೇ ಕೆಲಸವನ್ನು ಕೈಗೆ ಬದಲಾಗಿ ವಿದ್ಯುತ್ತಿನಿಂದ ಮಾಡುತ್ತವೆ.

ಗಾಳಿಯನ್ನು ತಳ್ಳಿದರೆ ಹೃದಯಕ್ಕೇನಾಗುತ್ತದೆ ಎಂಬುದನ್ನು ಅದಕ್ಕೂ ಮೊದಲೇ, 1948ರಲ್ಲಿ, ಆಂದ್ರೆ ಕೂರ್ನಾಂಡ್ ಮತ್ತು ಅವರ ಸಂಗಡಿಗರು ಅಳೆದು ತೋರಿಸಿದ್ದರು. ಎದೆಯಲ್ಲಿ ಒತ್ತಡ ಹೆಚ್ಚು ಹೊತ್ತು ಉಳಿದರೆ ಹೃದಯವು ಹೊರಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಉಸಿರು ಬಿಡುವ ಅವಧಿಯು ತಕ್ಕಷ್ಟು ದೀರ್ಘವಾಗಿ, ಆಗ ಒತ್ತಡವು ಪೂರ್ತಿ ಇಳಿಯುವಂತಿದ್ದರೆ ಆ ನಷ್ಟ ತುಂಬಿಬರುತ್ತದೆ ಎಂಬುದು ಅವರ ಶೋಧನೆಯ ಸಾರಾಂಶ. ಹೃದಯದ ಬಗೆಗಿನ ಸಂಶೋಧನೆಗಳಿಗಾಗಿ ಕೂರ್ನಾಂಡ್ ಅವರು 1956ರ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಹಂಚಿಕೊಂಡರು.

ರಕ್ತದೊತ್ತಡ ಇಳಿಯುವುದೇಕೆ?

ಭಾರವಾದ ಮೂಟೆಯನ್ನು ಎತ್ತುವವರು ಉಸಿರು ಬಿಗಿಹಿಡಿದು ಮುಕ್ಕುವುದನ್ನು ನೀವು ನೋಡಿದ್ದೀರಿ. ಆಗ ಅವರ ಮುಖ ಕೆಂಪೇರುತ್ತದೆ. ಕುತ್ತಿಗೆಯ ನರಗಳು ಉಬ್ಬುತ್ತವೆ ಎನ್ನುತ್ತೇವೆ. ಉಬ್ಬುವುದು ನರಗಳಲ್ಲ, ರಕ್ತವನ್ನು ಹೃದಯಕ್ಕೆ ತರುವ ಅಭಿಧಮನಿಗಳು. ಎದೆಯೊಳಗಿನ ಒತ್ತಡ ಏರಿದುದರಿಂದ ರಕ್ತವು ಒಳಕ್ಕೆ ಹೋಗಲಾರದೆ ಬಾಗಿಲಿನಲ್ಲಿಯೇ ನಿಲ್ಲುತ್ತದೆ. ಯಂತ್ರದ ಉಸಿರಾಟದಲ್ಲಿಯೂ ಇದೇ ಬಗೆಯ ಪರಿಣಾಮವು, ಇದಕ್ಕಿಂತ ಸೌಮ್ಯವಾಗಿ, ಪ್ರತಿಯೊಂದು ಉಸಿರಿನಲ್ಲಿಯೂ ಆಗುತ್ತದೆ.

ಅಪಧಮನಿಗಳಲ್ಲಿ ರಕ್ತವು 120 ಮಿಲಿಮೀಟರು ಪಾದರಸದಷ್ಟು ಒತ್ತಡದಿಂದ ಚಿಮ್ಮುತ್ತದೆ. ಆದರೆ ಹೃದಯಕ್ಕೆ ಮರಳುವ ರಕ್ತವನ್ನು ಹಿಂದಿನಿಂದ ನೂಕುವ ಒತ್ತಡವು ಆರೋಗ್ಯವಂತರಲ್ಲಿ ಸುಮಾರು 7 ಮಿಲಿಮೀಟರು ಮಾತ್ರ. ಇಳಿಜಾರು ಕಡಿಮೆಯಿರುವ ಕಾಲುವೆಗೆ ಒಂದು ಬುಟ್ಟಿ ಮಣ್ಣು ಅಡ್ಡ ಬಿದ್ದರೂ ನೀರಿನ ಹರಿವು ತಗ್ಗುವಂತೆ, ಎದೆಯ ಒತ್ತಡ ಸ್ವಲ್ಪ ಏರಿದರೂ ಈ ಮರಳುವ ರಕ್ತ ಕಡಿಮೆಯಾಗುತ್ತದೆ. ಬಂದ ರಕ್ತ ಕಡಿಮೆಯಾದಾಗ ಹೃದಯವು ತಳ್ಳುವ ರಕ್ತವೂ ಕಡಿಮೆಯಾಗಿ, ರಕ್ತದೊತ್ತಡ ಇಳಿಯುತ್ತದೆ.

ಶರೀರದಲ್ಲಿ ರಕ್ತವು ಸಾಕಷ್ಟಿರುವವರಲ್ಲಿ ಅಭಿಧಮನಿಗಳು ಬಿಗಿದುಕೊಂಡು, ಹೃದಯದ ಬಡಿತ ಚುರುಕಾಗಿ, ಈ ಕೊರತೆಯು ತಾನಾಗಿ ಸರಿಹೋಗುತ್ತದೆ. ಆದುದರಿಂದ ಅನೇಕ ರೋಗಿಗಳಲ್ಲಿ ಯಾವ ತೊಂದರೆಯೂ ಕಾಣಿಸಿಕೊಳ್ಳುವುದಿಲ್ಲ. ಹೆಚ್ಚು ರಕ್ತ ಕಳೆದುಕೊಂಡವರು, ವಾಂತಿಭೇದಿಯಿಂದ ಶರೀರದ ನೀರು ಬತ್ತಿದವರು, ಸೋಂಕು ರಕ್ತಕ್ಕೆ ಹರಡಿ ರಕ್ತನಾಳಗಳು ಸಡಿಲಗೊಂಡವರು ಮಾತ್ರ ಇದನ್ನು ಸುಲಭವಾಗಿ ತಾಳಲಾರರು. ಇವರ ಶರೀರವು ಅದುವರೆಗೆ ರಕ್ತನಾಳಗಳನ್ನು ಬಿಗಿಹಿಡಿದು ಹೇಗೋ ರಕ್ತದೊತ್ತಡವನ್ನು ಕಾಪಾಡಿಕೊಂಡು ಬಂದಿರುತ್ತದೆ. ಕೊಳವೆ ಇಳಿಸಲು ಕೊಡುವ ನಿದ್ರೆಯ ಔಷಧಿಯಿಂದ ಆ ಬಿಗಿತ ಸಡಿಲವಾಗುತ್ತದೆ. ಅದೇ ವೇಳೆಗೆ ಎದೆಯಲ್ಲಿ ಯಂತ್ರದ ಒತ್ತಡವೂ ಸೇರುತ್ತದೆ. ಹೀಗೆ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಅಪಾಯಕರವಾಗಿ ಕುಸಿಯಬಹುದು. ಅತಿ ವಿರಳವಾಗಿ ಹೃದಯವು ನಿಂತುಹೋಗುವ ಸಂಭವವೂ ಉಂಟು.

ವೈದ್ಯರಿಗೆ ಇದು ತಿಳಿಯದ ವಿಷಯವಲ್ಲ. ಕೊಳವೆ ಇಳಿಸುವ ಮೊದಲೇ ಅವರು ಅಗತ್ಯಕ್ಕೆ ತಕ್ಕಷ್ಟು ಸಲೈನನ್ನೋ ರಕ್ತವನ್ನೋ ಕೊಡುತ್ತಾರೆ; ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧಿಯನ್ನು ಹನಿಹನಿಯಾಗಿ ಹರಿಸುತ್ತಾರೆ; ಯಂತ್ರದ ಒತ್ತಡವನ್ನು ತಗ್ಗಿಸುತ್ತಾರೆ. ಸಲೈನು ಮಿತಿಮೀರಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುವುದರಿಂದ ಅದನ್ನೂ ಅಳತೆಯಿಂದಲೇ ಕೊಡಬೇಕಾಗುತ್ತದೆ. ಆದುದರಿಂದ ಯಂತ್ರ ಹಾಕಿದೊಡನೆ ರಕ್ತದೊತ್ತಡದ ಔಷಧಿಯನ್ನು ಪ್ರಾರಂಭಿಸಿದರೆಂದರೆ ರೋಗಿಯ ಕಥೆ ಮುಗಿಯಿತೆಂದು ತಿಳಿಯಬಾರದು.

ದಮ್ಮು ರೋಗವಿರುವವರಲ್ಲಿ ಮತ್ತೊಂದು ವಿಶೇಷವಿದೆ. ಅವರ ಶ್ವಾಸನಾಳಗಳು ಕಿರಿದಾಗಿರುವುದರಿಂದ ಒಂದು ಉಸಿರು ಪೂರ್ತಿ ಹೊರಬರುವ ಮೊದಲೇ ಮತ್ತೊಂದು ಉಸಿರು ಒಳನುಗ್ಗುತ್ತದೆ. ಗಾಳಿಯು ಒಳಗೇ ಸಂಗ್ರಹವಾಗಿ ಹೃದಯವನ್ನು ಅಮುಕುತ್ತದೆ. ಇಂತಹ ಸಂದರ್ಭದಲ್ಲಿ ವೈದ್ಯರು ಯಂತ್ರದ ಕೊಳವೆಯನ್ನು ಕೆಲವು ಕ್ಷಣ ಬಿಚ್ಚಿ, ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುವುದುಂಟು. ಅದು ರೋಗಿಯನ್ನು ಕೈಬಿಟ್ಟುದರ ಗುರುತಲ್ಲ. ಹೃದಯಕ್ಕೆ ರಕ್ತ ಮರಳಲು ಅವಕಾಶ ಮಾಡಿಕೊಡುವ ಚಿಕಿತ್ಸೆ.

“ಇನ್ನೂ ಹೆಚ್ಚು ಗಾಳಿ ಕೊಡಬಾರದೇ?”

ರೋಗಿಯ ಕಡೆಯವರು ಹೀಗೆ ಕೇಳುವುದು ಸಹಜ. ಆದರೆ ಹೆಚ್ಚು ಗಾಳಿ ಹೃದಯದ ಬಲಭಾಗಕ್ಕೆ ಹೊರೆಯಾಗುತ್ತದೆ. ಬಲಭಾಗದ ಗೋಡೆಯು ತೆಳುವಾದುದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಕಡಿಮೆಯಿರುವುದರಿಂದ ಅಷ್ಟು ಬಲವೇ ಅದಕ್ಕೆ ಸಾಕು. ಗಾಳಿಚೀಲಗಳು ಅಳತೆಮೀರಿ ಉಬ್ಬಿದಾಗ ಅವುಗಳ ನಡುವಿನ ಎಳೆಯಂತಹ ರಕ್ತನಾಳಗಳು ಹಿಂಡಲ್ಪಡುತ್ತವೆ. ಗಾಳಿಚೀಲಗಳು ತೀರ ಮುದುಡಿದ್ದರೂ ರಕ್ತನಾಳಗಳು ಕಿರಿದಾಗುತ್ತವೆ. ಎರಡು ಸಂದರ್ಭಗಳಲ್ಲಿಯೂ ಬಲಭಾಗವು ಹೆಚ್ಚು ಶ್ರಮಪಟ್ಟು, ಉಬ್ಬಿ, ನಡುವಿನ ಗೋಡೆಯನ್ನು ಎಡಕ್ಕೆ ಒತ್ತುತ್ತದೆ. ಅದರಿಂದ ಎಡಭಾಗವು ತುಂಬಿಕೊಳ್ಳುವ ಜಾಗವೂ ಕಡಿಮೆಯಾಗುತ್ತದೆ.

ಹೆಚ್ಚು ಗಾಳಿಯು ಶ್ವಾಸಕೋಶವನ್ನೂ ಕೆಡಿಸುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶ್ವಾಸಕೋಶವು ತೀವ್ರವಾಗಿ ಹಾನಿಗೊಂಡ 861 ರೋಗಿಗಳನ್ನು ಎರಡು ಗುಂಪುಗಳಲ್ಲಿ ನೋಡಲಾಯಿತು. ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಲೀಟರಿನಂತೆ ಗಾಳಿ ಕೊಟ್ಟವರಲ್ಲಿ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡರು. 6 ಮಿಲಿಲೀಟರಿನಂತೆ ಕೊಟ್ಟವರಲ್ಲಿ ನೂರಕ್ಕೆ 31 ಮಂದಿ. ಅಂದಿನಿಂದ ಇಂತಹ ರೋಗಿಗಳಿಗೆ ಕಡಿಮೆ ಗಾಳಿಯನ್ನು ಅಳೆದು ಕೊಡುವುದು ಎಲ್ಲೆಡೆಯೂ ರೂಢಿಗೆ ಬಂದಿದೆ. ಅದು ಜಿಪುಣತನವಲ್ಲ, ರಕ್ಷಣೆ.

ದುರ್ಬಲ ಹೃದಯಕ್ಕೆ ಆಗುವ ಉಪಕಾರ

ಇದುವರೆಗೆ ಹೇಳಿದುದನ್ನು ಓದಿ, ಯಂತ್ರವು ಹೃದಯಕ್ಕೆ ಶತ್ರುವೆಂದು ಭಾವಿಸಬಾರದು. ಹೃದಯದ ಎಡಭಾಗವು ಸೋತ ರೋಗಿಗಳಿಗೆ ಅದೇ ಒತ್ತಡವು ಔಷಧಿಯಾಗುತ್ತದೆ. ಎಡಭಾಗವು ರಕ್ತವನ್ನು ಮುಂದಕ್ಕೆ ತಳ್ಳಲಾರದಾದಾಗ ರಕ್ತವು ಹಿಂದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಗಾಳಿಚೀಲಗಳಿಗೆ ನೀರು ಜಿನುಗುತ್ತದೆ. ರೋಗಿಯು ಮಲಗಲಾರದೆ ಎದ್ದು ಕುಳಿತು ಏದುಸಿರುಬಿಡುತ್ತಾನೆ. ಕೆಲವೊಮ್ಮೆ ಗುಲಾಬಿ ಬಣ್ಣದ ನೊರೆಯಾದ ಕಫ ಬರುತ್ತದೆ.

ಇಂತಹವರಲ್ಲಿ ಯಂತ್ರದ ಒತ್ತಡವು ಮೂರು ವಿಧದಲ್ಲಿ ಸಹಾಯ ಮಾಡುತ್ತದೆ. ಮೊದಲನೆಯದಾಗಿ, ಹೃದಯಕ್ಕೆ ಮರಳುವ ರಕ್ತ ತಗ್ಗುವುದರಿಂದ ತುಂಬಿ ತುಳುಕುತ್ತಿದ್ದ ಶ್ವಾಸಕೋಶದ ಹೊರೆ ಇಳಿಯುತ್ತದೆ. ಎರಡನೆಯದಾಗಿ, ಎದೆಯೊಳಗಿನ ಒತ್ತಡವು ಹೃದಯವನ್ನು ಸುತ್ತಲಿಂದ ಮೆಲ್ಲಗೆ ಅದುಮಿದಂತಾಗಿ, ಎಡಭಾಗವು ರಕ್ತವನ್ನು ಎದೆಯಿಂದ ಹೊರಕ್ಕೆ ಕಳುಹಿಸುವ ಕೆಲಸ ಹಗುರವಾಗುತ್ತದೆ. ಮೂರನೆಯದಾಗಿ, ಉಸಿರಾಟದ ಸ್ನಾಯುಗಳಿಗೆ ವಿಶ್ರಾಂತಿ ದೊರೆಯುತ್ತದೆ. ಆರೋಗ್ಯವಂತರಲ್ಲಿ ಈ ಸ್ನಾಯುಗಳು ಬಳಸುವ ಆಮ್ಲಜನಕವು ಅತ್ಯಲ್ಪ. ಏದುಸಿರಿನ ರೋಗಿಯಲ್ಲಾದರೋ ಅವು ಶರೀರದ ಒಟ್ಟು ಆಮ್ಲಜನಕದ ಐದನೆಯ ಒಂದು ಭಾಗವನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಕಬಳಿಸಬಹುದು. ಯಂತ್ರವು ಆ ದುಡಿಮೆಯನ್ನು ವಹಿಸಿಕೊಂಡಾಗ ಉಳಿದ ಆಮ್ಲಜನಕವು ಮಿದುಳಿಗೂ ಮೂತ್ರಪಿಂಡಕ್ಕೂ ಹೃದಯಕ್ಕೂ ಒದಗುತ್ತದೆ.

ಪ್ರಜ್ಞೆಯಿರುವ ರೋಗಿಗಳಿಗೆ ಗಂಟಲಿಗೆ ಕೊಳವೆ ಇಳಿಸದೆ, ಮುಖಕ್ಕೆ ಬಿಗಿಯಾದ ಮುಖವಾಡವನ್ನು ಕಟ್ಟಿಯೂ ಈ ಒತ್ತಡವನ್ನು ಕೊಡಬಹುದು. ಕೆಲವರಿಗೆ ಇಷ್ಟೇ ಸಾಕಾಗುತ್ತದೆ. ಮುಖವಾಡವು ಬಿಗಿಯೆನಿಸಿ ಉಸಿರುಕಟ್ಟಿದಂತೆ ತೋರಿದರೂ, ರೋಗಿಗೆ ಧೈರ್ಯ ಹೇಳಬೇಕೇ ಹೊರತು ಮನೆಯವರು ತಾವಾಗಿ ಅದನ್ನು ಸಡಿಲಿಸಬಾರದು.

ಒಂದೇ ಮಳೆಯು ಪೈರಿನ ಕಾಲದಲ್ಲಿ ರಾಗಿಗೆ ವರವಾಗಿ, ಸುಗ್ಗಿಯಲ್ಲಿ ಕಣದ ತೆನೆಗೆ ಹಾನಿಯಾಗುವಂತೆ, ಒಂದೇ ಒತ್ತಡವು ರಕ್ತ ಬತ್ತಿದವರಿಗೆ ತೊಂದರೆಯನ್ನೂ ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ನೆಮ್ಮದಿಯನ್ನೂ ಉಂಟುಮಾಡುತ್ತದೆ. ಇದನ್ನು ಗುರುತಿಸಲೆಂದೇ ವೈದ್ಯರು ರೋಗಿಯ ಪೂರ್ವವೃತ್ತಾಂತವನ್ನು ಕೇಳುತ್ತಾರೆ. ಶಬ್ದತರಂಗಗಳ ಸಹಾಯದಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯನ್ನು ಮಾಡಿಸುತ್ತಾರೆ.

ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ

ಗರ್ಭಿಣಿಯ ಶರೀರದಲ್ಲಿ ರಕ್ತದ ಪ್ರಮಾಣವು ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ. ಹೃದಯವು ಅಷ್ಟನ್ನೂ ಹೊತ್ತು ನಡೆಸಬೇಕು. ಚಿಕ್ಕಂದಿನಲ್ಲಿ ಕೀಲುನೋವಿನೊಡನೆ ಬಂದ ಜ್ವರದಿಂದ ಹೃದಯದ ಎಡಭಾಗದ ಕವಾಟವು ಕಿರಿದಾಗಿದ್ದರೆ, ಅದುವರೆಗೆ ಗೊತ್ತಾಗದಿದ್ದ ರೋಗವು ಗರ್ಭಿಣಿಯಾದಾಗ ಹೊರಬೀಳಬಹುದು. ಹೆರಿಗೆಯಾದೊಡನೆ ಗರ್ಭಕೋಶವು ಕುಗ್ಗಿ, ಅದರಲ್ಲಿದ್ದ ರಕ್ತವು ಹೃದಯದತ್ತ ಧಾವಿಸುವುದರಿಂದ ಹೆರಿಗೆಯ ನಂತರದ ಕೆಲವು ಗಂಟೆಗಳು ಇಂತಹ ತಾಯಂದಿರಿಗೆ ವಿಶೇಷವಾಗಿ ಅಪಾಯಕರ. ಶ್ವಾಸಕೋಶದಲ್ಲಿ ನೀರು ತುಂಬಿದ ಈ ತಾಯಂದಿರಿಗೆ ಯಂತ್ರದ ಒತ್ತಡವು ನೆರವಾಗುತ್ತದೆ.

ಹೆರಿಗೆಯಲ್ಲಿ ಅಧಿಕ ರಕ್ತಸ್ರಾವವಾದ ತಾಯಿಯ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಆಕೆಯ ಹೃದಯವು ಬತ್ತಿದ ಬಾವಿಯ ಪಂಪಿನಂತಿರುತ್ತದೆ. ಆಕೆಗೆ ಯಂತ್ರ ಬೇಕಾಗಿ ಬಂದರೂ ರಕ್ತವನ್ನು ತುಂಬುವುದು, ಸ್ರಾವವನ್ನು ನಿಲ್ಲಿಸುವುದು ಅದರೊಡನೆಯೇ ನಡೆಯಬೇಕು. ವೈದ್ಯರು “ಕೂಡಲೇ ರಕ್ತ ಬೇಕು” ಎಂದಾಗ ತಡಮಾಡಬಾರದೆಂಬುದಕ್ಕೆ ಇದೇ ಕಾರಣ.

ಇನ್ನೊಂದು ಸಂಗತಿ ಎಲ್ಲ ಗರ್ಭಿಣಿಯರಿಗೂ ಅನ್ವಯಿಸುತ್ತದೆ. ತಿಂಗಳು ತುಂಬುತ್ತ ಬಂದಂತೆ, ಅಂಗಾತ ಮಲಗಿದಾಗ ಗರ್ಭಕೋಶದ ಭಾರವು ಬೆನ್ನೆಲುಬಿನ ಮುಂದಿರುವ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಹೃದಯಕ್ಕೆ ಮರಳುವ ರಕ್ತ ಅಲ್ಲಿಯೇ ತಡೆಯಲ್ಪಡುತ್ತದೆ. ಅದರ ಮೇಲೆ ಯಂತ್ರದ ಒತ್ತಡವೂ ಸೇರಿದರೆ ಎರಡು ಕಡೆ ಕಾಲುವೆ ಕಟ್ಟಿದಂತಾಗುತ್ತದೆ. ಆದುದರಿಂದಲೇ ತೀವ್ರ ನಿಗಾ ಘಟಕದಲ್ಲಿ ಗರ್ಭಿಣಿಯನ್ನು ಎಡಮಗ್ಗುಲಿಗೆ ವಾಲಿಸಿ ಮಲಗಿಸುತ್ತಾರೆ. ಆಸ್ಪತ್ರೆಗೆ ಸಾಗಿಸುವಾಗಲೂ ಆಕೆಯನ್ನು ಎಡಮಗ್ಗುಲಿಗೆ ಮಲಗಿಸುವುದು ಉತ್ತಮ. ಉಸಿರುಗಟ್ಟಿ ಮಲಗಲಾಗದಿದ್ದರೆ ಒರಗಿಸಿ ಕೂರಿಸಬೇಕು.

ಯಂತ್ರವನ್ನು ಬಿಡಿಸುವ ಸಮಯ

ರೋಗ ಇಳಿಮುಖವಾದಾಗ ಯಂತ್ರವನ್ನು ಬಿಡಿಸಬೇಕು. ಇದು ಹೃದಯಕ್ಕೂ ಒಂದು ಪರೀಕ್ಷೆ. ರೋಗಿಯು ತಾನಾಗಿ ಉಸಿರೆಳೆಯತೊಡಗಿದಾಗ ಎದೆಯ ಒತ್ತಡ ಇಳಿಯುತ್ತದೆ. ರಕ್ತವು ಹೃದಯಕ್ಕೆ ಹೆಚ್ಚಾಗಿ ಮರಳುತ್ತದೆ. ಸುತ್ತಲಿಂದ ದೊರೆಯುತ್ತಿದ್ದ ಆಸರೆಯೂ ತಪ್ಪುತ್ತದೆ. ಸ್ನಾಯುಗಳ ದುಡಿಮೆ ಮತ್ತೆ ಪ್ರಾರಂಭವಾಗುತ್ತದೆ. ಗಟ್ಟಿಯಾದ ಹೃದಯವು ಇದನ್ನು ನಿಭಾಯಿಸುತ್ತದೆ. ದುರ್ಬಲವಾದ ಹೃದಯವು ಸೋತು, ಶ್ವಾಸಕೋಶದಲ್ಲಿ ಮತ್ತೆ ನೀರು ಕಟ್ಟಬಹುದು. 1988ರಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ಅಳತೆಗಳ ಸಹಿತ ವಿವರಿಸಿದರು. ಹೆಚ್ಚಾಗಿದ್ದ ನೀರನ್ನು ಮೂತ್ರದ ಮೂಲಕ ಹೊರಹಾಕಿಸಿದ ಬಳಿಕ ಅಂತಹ ರೋಗಿಗಳಲ್ಲಿ ಅನೇಕರನ್ನು ಯಂತ್ರದಿಂದ ಬಿಡಿಸುವುದು ಅವರಿಗೆ ಸಾಧ್ಯವಾಯಿತು.

ಆದುದರಿಂದ ಯಂತ್ರವನ್ನು ಒಮ್ಮೆಲೇ ತೆಗೆಯುವುದಿಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆಗಳವರೆಗೆ ಅದರ ನೆರವನ್ನು ತಗ್ಗಿಸಿ, ನಾಡಿ, ರಕ್ತದೊತ್ತಡ, ಉಸಿರಿನ ವೇಗಗಳನ್ನು ಗಮನಿಸುತ್ತಾರೆ. ಒಂದು ದಿನ ಈ ಪ್ರಯತ್ನ ಫಲಿಸದಿದ್ದರೆ ಕಾರಣವನ್ನು ಸರಿಪಡಿಸಿ ಮರುದಿನ ಮತ್ತೆ ಪ್ರಯತ್ನಿಸುತ್ತಾರೆ. “ನಿನ್ನೆ ತೆಗೆಯುತ್ತೇವೆಂದರು, ಇಂದು ಮತ್ತೆ ಹಾಕಿದರು” ಎಂದು ನಿರಾಶರಾಗಬೇಕಾಗಿಲ್ಲ.

ಯಂತ್ರವು ಹೃದಯವನ್ನು ನಡೆಸುವುದಿಲ್ಲ

ಈ ಮಾತನ್ನು ಪ್ರತಿಯೊಬ್ಬರೂ ಮನಗಾಣಬೇಕು. ಯಂತ್ರವು ಶ್ವಾಸಕೋಶಕ್ಕೆ ಗಾಳಿಯನ್ನು ತಳ್ಳುತ್ತದೆ, ಅಷ್ಟೆ. ಹೃದಯವು ತನ್ನೊಳಗೇ ಹುಟ್ಟುವ ವಿದ್ಯುತ್ ಪ್ರೇರಣೆಯಿಂದ ಬಡಿಯುತ್ತದೆ. ನಿಂತ ಹೃದಯವನ್ನು ಉಸಿರಾಟದ ಯಂತ್ರವು ಬಡಿಸಲಾರದು. ಸತ್ತವರ ಹೃದಯವನ್ನು ಯಂತ್ರದಿಂದ ಬಡಿಸುತ್ತಾರೆಂಬುದು ತಪ್ಪು ತಿಳಿವಳಿಕೆ.

ಮಿದುಳು ಪೂರ್ಣವಾಗಿ, ಮರಳಿ ಬಾರದಂತೆ ನಿಷ್ಕ್ರಿಯವಾದ ಮೇಲೂ, ಯಂತ್ರದಿಂದ ಆಮ್ಲಜನಕ ದೊರೆಯುತ್ತಿರುವವರೆಗೆ ಹೃದಯವು ಕೆಲವು ಕಾಲ ಬಡಿಯುತ್ತಿರಬಹುದು ಎಂಬುದು ನಿಜ. ನಮ್ಮ ದೇಶದಲ್ಲಿ 1994ರ ಅಂಗಾಂಗ ಕಸಿ ಕಾಯಿದೆಯು ಮಿದುಳುಕಾಂಡದ ಸಾವನ್ನು ಸಾವೆಂದು ಅಂಗೀಕರಿಸಿದೆ. ವೈದ್ಯರ ಮಂಡಲಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಆದರೆ ಯಂತ್ರದ ಮೇಲಿರುವ ಎಲ್ಲರ ಸ್ಥಿತಿಯೂ ಹಾಗಲ್ಲ. ನಾಗರಹಾವು ಅಥವಾ ಕಟ್ಟುಹಾವು ಕಡಿದವರಲ್ಲಿ ಉಸಿರಾಟದ ಸ್ನಾಯುಗಳು ಸೋತು, ಕಣ್ಣು ತೆರೆಯಲೂ ಆಗದೆ, ರೋಗಿಯು ಸತ್ತಂತೆಯೇ ಕಾಣಬಹುದು. ಪ್ರತಿವಿಷದ ಔಷಧಿಯೊಡನೆ ಕೆಲವು ದಿನ ಯಂತ್ರದ ಆಸರೆಯಿದ್ದರೆ ಇಂತಹವರು ಪೂರ್ಣವಾಗಿ ಗುಣಹೊಂದುವುದುಂಟು. ಹೊರನೋಟದಿಂದ ತೀರ್ಮಾನಿಸದೆ ವೈದ್ಯರನ್ನೇ ವಿಚಾರಿಸಬೇಕು.

ದಂಪತಿಗಳು ಮಾಡಬೇಕಾದುದೇನು?

1. ಆಸ್ಪತ್ರೆಗೆ ಹೋದೊಡನೆ ಈ ವಿಷಯಗಳನ್ನು ಮರೆಮಾಚದೆ ತಿಳಿಸಬೇಕು: ಚಿಕ್ಕಂದಿನ ಕೀಲುಜ್ವರ, ಹೃದ್ರೋಗ, ದಮ್ಮು, ರಕ್ತದೊತ್ತಡಕ್ಕಾಗಿ ಸೇವಿಸುತ್ತಿರುವ ಮಾತ್ರೆಗಳು, ವಾಂತಿ, ಭೇದಿ ಅಥವಾ ರಕ್ತಸ್ರಾವ ಎಷ್ಟು ಹೊತ್ತಿನಿಂದ ಆಗುತ್ತಿದೆ, ಮೂತ್ರ ಕೊನೆಯ ಸಲ ಯಾವಾಗ ಆಯಿತು. ಯಂತ್ರ ಹಾಕುವ ಮೊದಲು ಹೃದಯವನ್ನು ಸಜ್ಜುಗೊಳಿಸಲು ವೈದ್ಯರಿಗೆ ಇವು ಬೇಕು. ವಿಷ ಸೇವಿಸಿದ್ದರೆ ಅದರ ಡಬ್ಬಿಯನ್ನು ಕೊಂಡೊಯ್ಯಬೇಕು.

2. ತೀವ್ರ ಉಸಿರಾಟದ ತೊಂದರೆ, ರಕ್ತಸ್ರಾವ, ಸೆಳವು, ಹಾವಿನ ಕಡಿತ ಇವುಗಳಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಬಾಯಿಗೆ ಏನನ್ನೂ ಹಾಕಬಾರದು.

3. ಯಂತ್ರ ಹಾಕಿದ ಮೇಲೆ ವೈದ್ಯರನ್ನು ಹೀಗೆ ಕೇಳಬಹುದು: “ಯಂತ್ರ ಬೇಕಾದುದು ಶ್ವಾಸಕೋಶದ ಕಾರಣದಿಂದಲೋ, ಹೃದಯದ ಕಾರಣದಿಂದಲೋ? ರಕ್ತದೊತ್ತಡವು ತಾನಾಗಿ ನಿಂತಿದೆಯೋ, ಔಷಧಿಯಿಂದಲೋ? ಆ ಔಷಧಿಯ ಪ್ರಮಾಣ ನಿನ್ನೆಗಿಂತ ಇಳಿದಿದೆಯೋ, ಏರಿದೆಯೋ? ಮೂತ್ರ ಸರಿಯಾಗಿ ಆಗುತ್ತಿದೆಯೇ?” ಈ ಉತ್ತರಗಳಿಂದ ರೋಗಿಯು ಯಾವ ದಿಕ್ಕಿನಲ್ಲಿ ಸಾಗುತ್ತಿರುವನೆಂಬುದು ನಿಮಗೂ ತಿಳಿಯುತ್ತದೆ.

4. ರಕ್ತ ಬೇಕೆಂದಾಗ ಆರೋಗ್ಯವಂತರಾದ ಬಂಧುಮಿತ್ರರು ರಕ್ತದಾನಕ್ಕೆ ಮುಂದಾಗಬೇಕು.

5. ಗರ್ಭಿಣಿಗೆ ಸ್ವಲ್ಪ ನಡೆದರೂ ಏದುಸಿರು, ರಾತ್ರಿ ಉಸಿರುಗಟ್ಟಿ ಎಚ್ಚರವಾಗುವುದು, ಕಾಲು ಮುಖಗಳ ಬಾವು ಕಾಣಿಸಿಕೊಂಡರೆ “ಬಸುರಿನಲ್ಲಿ ಇದೆಲ್ಲ ಇದ್ದದ್ದೇ” ಎಂದು ಸುಮ್ಮನಿರದೆ ಹೃದಯದ ಪರೀಕ್ಷೆ ಮಾಡಿಸಬೇಕು. ಕಿರಿದಾದ ಕವಾಟವನ್ನು ಎದೆ ಕುಯ್ಯದೆ, ರಕ್ತನಾಳದ ಮೂಲಕ ಬಲೂನು ಸಾಗಿಸಿ ಅಗಲಿಸುವ ಚಿಕಿತ್ಸೆಯು ಈಗ ಲಭ್ಯವಿದೆ. ಅಗತ್ಯವಾದರೆ ಗರ್ಭಿಣಿಯರಿಗೂ ಮಾಡುತ್ತಾರೆ. ಹೃದ್ರೋಗವಿರುವ ಪತ್ನಿಯು ಮತ್ತೆ ಗರ್ಭಿಣಿಯಾಗುವ ಮೊದಲು ಪತಿಪತ್ನಿಯರಿಬ್ಬರೂ ಒಟ್ಟಿಗೆ ಹೃದ್ರೋಗ ತಜ್ಞರ ಸಲಹೆ ಪಡೆಯಬೇಕು.

ಯಂತ್ರವು ರೋಗವನ್ನು ಗುಣಪಡಿಸುವುದಿಲ್ಲ. ಮೂಲರೋಗಕ್ಕೆ ಚಿಕಿತ್ಸೆ ಫಲಿಸುವವರೆಗೆ ಕಾಲಾವಕಾಶವನ್ನು ಒದಗಿಸುತ್ತದೆ. ಆ ಅವಧಿಯಲ್ಲಿ ಹೃದಯವನ್ನು ಕಾಯುವುದು ವೈದ್ಯರ ಮತ್ತು ದಾದಿಯರ ಕೆಲಸ. ಕೇಳಿದುದಕ್ಕೆ ಸರಿಯಾದ ಉತ್ತರ ಕೊಟ್ಟು, ತಿಳಿಯದುದನ್ನು ಕೇಳಿ ತಿಳಿದುಕೊಂಡು, ಧೈರ್ಯದಿಂದ ಜೊತೆಗಿರುವುದು ಮನೆಯವರ ಕೆಲಸ.